ಸೇಸಮ್ಮನ ಬೆಲ್ಲ ನೀರು

ಅಳದಂಗಡಿಯಲ್ಲಿ ಬಸ್ಸಿಳಿದು ಆ ಶಾಲೆಗೆ ಎರಡು ಮೈಲು ನಡೆಯಬೇಕಿತ್ತು. ೧೯೫೭ನೆಯ ಇಸವಿ ಜೂನ್ ತಿಂಗಳ ಮೊದಲ ವಾರ. ಮುಖ್ಯೋಪಾಧ್ಯಾಯನಾಗಿ ಸೇರಲು ಹೊರಟ ನನಗೆ ದಾರಿ ಎರಡಾಗುವಲ್ಲಿ ಯಾವ ಕಡೆ ತಿರುಗಬೇಕೆಂದು ತಿಳಿಯಲಿಲ್ಲ. ಪಕ್ಕದಲ್ಲೊಂದು ಹುಲ್ಲಿನ ಮನೆಯಿತ್ತು. ಅಂಗಳದಲ್ಲಿ ನಿಂತು ಕೂಗಿದೆನು. ಮೂವತ್ತೈದರ ಆಚೀಚೆಯ ಹೆಂಗಸೊಬ್ಬಳು ಅರ್ಧ ಹೆಣೆದ ಚಾಪೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದಳು. ಶಾಲೆಯ ದಾರಿ ಯಾವುದೆಂದು ಕೇಳಿದೆನು. ಅವಳು ಉತ್ತರ ಕೊಡದೆ ಒಳಗೆ ಹೋಗಿ, ಒಂದು ಚೊಂಬು ನೀರನ್ನೂ ಬಾಳೆಲೆಯ ತುಂಡಿನಲ್ಲಿ ಹೆಬ್ಬೆಟ್ಟಿನಷ್ಟು ಬೆಲ್ಲವನ್ನೂ ತಂದು ಜಗಲಿಯ ಮೇಲಿಟ್ಟಳು.

“ಮೊದಲು ಇದು. ಆಮೇಲೆ ದಾರಿ.”

“ಹೊತ್ತಾಯಿತಮ್ಮ, ಮೊದಲ ದಿನವೇ ತಡವಾದರೆ...”

“ಬೆಲ್ಲ ಕಚ್ಚಿ ನೀರು ಕುಡಿಯಲಿಕ್ಕೆ ಎಷ್ಟು ಹೊತ್ತು ಬೇಕು? ಹೊಸ ಹೆಡ್ ಮಾಸ್ಟ್ರಲ್ವಾ ನೀವು? ಕೊಡೆ ಹಿಡಿದ ಕ್ರಮದಲ್ಲೇ ಗೊತ್ತಾಗ್ತದೆ. ನಮ್ಮವರು ನಿಮ್ಮ ಶಾಲೆಯ ಜವಾನ. ಈಗ ಗಂಟೆ ಹೊಡೀತಾರೆ. ಶಬ್ದ ಬಂದ ಕಡೆಗೆ ನಡೀರಿ, ದಾರಿ ತಪ್ಪುವುದಿಲ್ಲ.”

ನಾನು ಬೆಲ್ಲ ಕಚ್ಚಿದೆನು. ನೀರು ಕುಡಿದು ಚೊಂಬು ಕೆಳಗಿಡುವಾಗ ಗುಡ್ಡದ ಬಲಬದಿಯಿಂದ ಠಣ್ ಠಣ್ ಎಂದು ಕೇಳಿಸಿತು. ಇದು ಸೇಸಮ್ಮನನ್ನು ನಾನು ಕಂಡ ಮೊದಲ ದಿನ.

ನಮ್ಮ ಸೀಮೆಯಲ್ಲಿ ಅಂಗಳಕ್ಕೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುತ್ತಾರೆ. ಬಂದ ಕಾರಣವನ್ನು ಅನಂತರ ಕೇಳುತ್ತಾರೆ. ಹಗೆಯವನು ಬಂದರೂ ಬೆಲ್ಲ ತಪ್ಪಿಸಬಾರದೆಂದು ಹಿರಿಯರ ಮಾತು. ಈ ಕ್ರಮದ ವಿಷಯ ಇಷ್ಟು ಹೇಳುವುದಕ್ಕೆ ಕಾರಣವಿದೆ. ಸೇಸಮ್ಮನ ಬದುಕಿನ ಬಹುಭಾಗ ಈ ಬೆಲ್ಲದ ತುಂಡಿನ ಸುತ್ತಲೇ ತಿರುಗಿತು.

ಅವಳ ಗಂಡ ಚನಿಯಪ್ಪ ಗೌಡನು ಮೃದುವಾದ ಮನುಷ್ಯ. ಹಲಸಿನ ಕೊಂಬೆಗೆ ತೂಗಹಾಕಿದ ರೈಲುಪಟ್ಟಿಯ ತುಂಡೇ ನಮ್ಮ ಶಾಲೆಯ ಗಂಟೆ. ಚನಿಯಪ್ಪನು ಅದನ್ನು ಹೊಡೆದರೆ ಸುತ್ತಲಿನ ಮನೆಗಳಲ್ಲಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಸೇಸಮ್ಮ ತನ್ನ ಬಾವಿಯಿಂದ ಎರಡು ಕೊಡ ನೀರು ತಂದು ಶಾಲೆಯ ಹಂಡೆಗೆ ದಿನವೂ ತುಂಬುತ್ತಿದ್ದಳು. ಅದಕ್ಕೆ ಯಾರೂ ಅವಳಿಗೆ ಹೇಳಿರಲಿಲ್ಲ. “ನಮ್ಮವರ ಶಾಲೆ” ಎಂದು ಅವಳ ಹೆಮ್ಮೆ. ಅವರಿಗೆ ಮಕ್ಕಳಿರಲಿಲ್ಲ.

೧೯೫೯ರ ಮಳೆಗಾಲದಲ್ಲಿ ಒಂದು ಶನಿವಾರ, ಬೆಳಿಗ್ಗೆ ಒಂಬತ್ತೂಕಾಲಕ್ಕೆ ಮನೆಗೆ ಬಿಡುವ ಗಂಟೆ ಬಾರಿಸಿತು. ಶನಿವಾರ ನಮಗೆ ಬೆಳಗಿನ ಶಾಲೆ. ಆದರೂ ಹನ್ನೊಂದೂವರೆಯವರೆಗೆ ಪಾಠವಿತ್ತು. ಮಕ್ಕಳು ಹೋ ಎಂದು ಓಡಿದರು. ನಾನು ಹೊರಗೆ ಬಂದು ನೋಡಿದೆನು. ಚನಿಯಪ್ಪನು ಸುತ್ತಿಗೆ ಹಿಡಿದು ನಿಂತಿದ್ದನು. ಮಳೆಯ ತಂಪಿನಲ್ಲಿಯೂ ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಕೈ ನಡುಗುತ್ತಿತ್ತು.

“ಕೂಸಪ್ಪ ಭಾವ, ಗಂಟೆ ಎರಡು ಕಾಣುತ್ತದಲ್ಲ. ಯಾವುದಕ್ಕೆ ಹೊಡೆಯುವುದು?” ಎಂದು ನನ್ನನ್ನು ಕೇಳಿದನು.

ಕೂಸಪ್ಪನೆಂದರೆ ಸೇಸಮ್ಮನ ಅಣ್ಣ. ನನಗೂ ಅವನಿಗೂ ಯಾವ ಹೋಲಿಕೆಯೂ ಇಲ್ಲ. ನಾನು ಏನಾದರೂ ಹೇಳುವ ಮೊದಲೇ ಚನಿಯಪ್ಪನು ಓಲಾಡುತ್ತಾ ಎದುರಿನ ಮನೆಯ ಅಂಗಳಕ್ಕೆ ನಡೆದನು. ಅಲ್ಲಿಯವರು ಎಂದಿನಂತೆ ಬೆಲ್ಲ ನೀರು ಕೊಟ್ಟರು. ಅರ್ಧ ಗಂಟೆಯಲ್ಲಿ ಅವನು ನೆಟ್ಟಗೆ ನಡೆದುಕೊಂಡು ಹಿಂದಿರುಗಿ, ಖಾಲಿ ತರಗತಿಗಳನ್ನು ನೋಡಿ, “ಮಾಸ್ಟ್ರೇ, ಮಕ್ಕಳೆಲ್ಲಿ?” ಎಂದು ನನ್ನನ್ನೇ ಕೇಳಿದನು. ನಡೆದುದೊಂದೂ ಅವನಿಗೆ ನೆನಪಿರಲಿಲ್ಲ.

ಮುಂದೆ ಇದು ಮತ್ತೆ ಮತ್ತೆ ನಡೆಯಿತು, ಹೆಚ್ಚಾಗಿ ಶನಿವಾರಗಳಲ್ಲಿ. ಸೇಸಮ್ಮ ಜೋಯಿಸರಲ್ಲಿಗೆ ಹೋದಳು. ಶನಿಯ ಕಾಟವೆಂದೂ, ಶನಿವಾರ ಮಧ್ಯಾಹ್ನದವರೆಗೆ ಬಾಯಿಗೆ ಏನೂ ಹಾಕಬಾರದೆಂದೂ ಅವರು ಹೇಳಿದರು. ಅವಳು ಗಂಡನಿಂದ ಆ ವ್ರತವನ್ನು ಕಟ್ಟುನಿಟ್ಟಾಗಿ ಮಾಡಿಸಿದಳು. ಕಾಯಿಲೆ ಹೆಚ್ಚಾಯಿತು. ವಿಚಿತ್ರವೆಂದರೆ ಮನುಷ್ಯ ಸೊರಗಲಿಲ್ಲ, ದಪ್ಪವಾದನು. ಉಳಿದ ದಿನಗಳಲ್ಲಿ ಅವನಿಗೆ ತಡೆಯದ ಹಸಿವು. ಕಿಸೆಯಲ್ಲಿ ಸದಾ ಅವಲಕ್ಕಿ.

ಊರಿನವರು ಬೇರೆ ಲೆಕ್ಕ ಹಾಕಿದರು. ಶುಕ್ರವಾರ ಮೂಡಬಿದಿರೆಯ ಸಂತೆ. ಶಾಲೆಯ ಸೀಮೆಸುಣ್ಣ, ಶಾಯಿಪುಡಿ ತರಲು ಚನಿಯಪ್ಪನು ಅಲ್ಲಿಗೆ ಹೋಗುತ್ತಿದ್ದನು. ಶುಕ್ರವಾರ ಸಂತೆ, ಶನಿವಾರ ತೂರಾಟ, ನಡುವೆ ಏನಿದ್ದೀತು? ಆಗ ನಮ್ಮ ಜಿಲ್ಲೆಯಲ್ಲಿ ಪಾನನಿರೋಧವಿತ್ತು. ಆದರೂ ಕುಡಿಯುವವರಿಗೆ ಗುಡ್ಡದ ಮರೆ ಎಲ್ಲಿಯೂ ಸಿಗುತ್ತಿತ್ತು. “ಕುಡಿದು ಕುಡಿದು ಕೊಬ್ಬಿದ್ದಾನೆ” ಎಂದರು.

ಆ ಮಾತನ್ನು ನಂಬಿದವರಲ್ಲಿ ಶಾಲೆಯ ಸಂಚಾಲಕರಾದ ಕಮಲಾಕ್ಷ ಶೆಟ್ಟರೂ ಒಬ್ಬರು. ಶಾಲೆಗೆ ಜಾಗ ಕೊಟ್ಟವರು ಅವರು. ಸ್ವತಃ ಚಹವನ್ನೂ ಮುಟ್ಟದವರು. ಹೆಂಡದಿಂದ ಹಾಳಾದ ತಮ್ಮನನ್ನು ಮಣ್ಣು ಮಾಡಿದ ಮೇಲೆ ಆ ವಾಸನೆ ಬಂದರೆ ಅವರ ಮೈಮೇಲೆ ಕೆಂಡ ಸುರಿದಂತಾಗುತ್ತಿತ್ತು. ಕೆಟ್ಟ ಮನುಷ್ಯರಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ಸೇಸಮ್ಮ ಒಪ್ಪಿಲ್ಲ.

೧೯೬೦ರ ಗಣರಾಜ್ಯ ದಿನ. ಬಾವುಟ ಏರುವವರೆಗೆ ಏನೂ ತಿನ್ನುವುದಿಲ್ಲವೆಂದು ಚನಿಯಪ್ಪನು ಬೆಳಗಿನ ಜಾವವೇ ಎದ್ದು ಅಂಗಳ ಗುಡಿಸಿ, ತೋರಣ ಕಟ್ಟಿದ್ದನು. ಬೆಳ್ತಂಗಡಿಯಿಂದ ಬರಬೇಕಾಗಿದ್ದ ಅತಿಥಿಗಳು ಒಂದೂವರೆ ಗಂಟೆ ತಡಮಾಡಿದರು. ಅವರು ಬಂದು ನಿಂತು, ಶೆಟ್ಟರು ಹಗ್ಗ ಎಳೆಯಬೇಕು ಎನ್ನುವಾಗ ಚನಿಯಪ್ಪನು ನಗುತ್ತಾ ಬಂದು ಹಗ್ಗದ ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡನು.

“ಹೋಗುವ, ಕೋಣ ಹೊಡೆದುಕೊಂಡು ಹೋಗುವ,” ಎಂದು ಎಳೆದನು. ಬಾವುಟ ಅರ್ಧಕ್ಕೆ ಏರಿ ಕೆಳಗೆ ಜಾರಿತು. ಮಕ್ಕಳು ನಕ್ಕರು.

ಶೆಟ್ಟರ ಮುಖ ಕಪ್ಪಾಯಿತು. ಚನಿಯಪ್ಪನ ರಟ್ಟೆ ಹಿಡಿದು ಜಗಲಿಗೆ ಎಳೆತಂದರು.

“ಮಾಸ್ಟ್ರೇ, ಇವನ ಬಾಯಿ ಮೂಸಿ ನೋಡಿ.”

“ಧಣಿಗಳೇ, ಮಕ್ಕಳ ಎದುರು...”

“ಮಕ್ಕಳ ಎದುರೇ ಆಗಬೇಕು. ಮೂಸಿ.”

ನಾನು ಮೂಸಿದೆನು. ಚನಿಯಪ್ಪನು ನನ್ನನ್ನು ನೋಡಿ ಮುಗುಳ್ನಗುತ್ತಿದ್ದನು. ತಾನು ಎಲ್ಲಿದ್ದೇನೆಂಬುದು ಅವನಿಗೆ ಗೊತ್ತಿರಲಿಲ್ಲ. ಅವನ ಬಾಯಲ್ಲಿ ಬರಿಯ ಖಾಲಿ ಹೊಟ್ಟೆಯ ವಾಸನೆಯಿತ್ತು. ಹೆಂಡವಿರಲಿಲ್ಲ. ನನಗೆ ಅದು ಸ್ಪಷ್ಟವಾಗಿ ತಿಳಿಯಿತು. ಆದರೆ ಶೆಟ್ಟರ ಕಣ್ಣು ನನ್ನ ಮೇಲಿತ್ತು. ನಾನು, “ಸರಿಯಾಗಿ ತಿಳಿಯುವುದಿಲ್ಲ” ಎಂದೆನು.

“ತಿಳಿಯುವುದಿಲ್ಲ ಅಂದರೆ ಉಂಟು ಅಂತ ಅರ್ಥ,” ಎಂದು ಶೆಟ್ಟರು ಚನಿಯಪ್ಪನ ಸೊಂಟದಲ್ಲಿ ಸಿಕ್ಕಿಸಿದ್ದ ಗಂಟೆಯ ಸುತ್ತಿಗೆಯನ್ನು ಕಿತ್ತುಕೊಂಡರು. “ನಾಳೆಯಿಂದ ಈ ಜಗಲಿ ಹತ್ತಬೇಡ.”

ಅತಿಥಿಗಳಿಗಾಗಿ ಬೆಲ್ಲ ನೀರಿನ ಹರಿವಾಣ ಹಿಡಿದು ಸೇಸಮ್ಮ ಮೂಲೆಯಲ್ಲಿ ನಿಂತಿದ್ದಳು. ಅವಳು ಕೂಗಾಡಲಿಲ್ಲ. ಹರಿವಾಣವನ್ನು ನೆಲದ ಮೇಲಿಟ್ಟು, ಗಂಡನ ಬಾಯಿಗೆ ಒಂದು ತುಂಡು ಬೆಲ್ಲ ತುರುಕಿ, ಕೈಹಿಡಿದು ಕರೆದುಕೊಂಡು ಹೋದಳು. ಶಾಲೆಯ ಹಂಡೆಯಲ್ಲಿದ್ದ ನೀರನ್ನು ಹೋಗುವಾಗ ಮಗುಚಿ ಹಾಕಿದಳು.

ಅದೇ ದಿನ ಮಧ್ಯಾಹ್ನ ಶೆಟ್ಟರ ಚಾವಡಿಯಲ್ಲಿ ನಾನು ಕುಳಿತಿದ್ದಾಗ ಅವಳು ಬಂದಳು. ಅಂದಿನವರೆಗೆ ಅವಳು ಅವರನ್ನು ‘ಧಣಿಗಳೇ’ ಎನ್ನುತ್ತಿದ್ದಳು.

“ಶೆಟ್ರೇ, ನನ್ನ ಗಂಡನ ಬಾಯಿಯನ್ನು ಊರಿನ ಮಕ್ಕಳ ಎದುರು ಮೂಸಿಸಿದಿರಿ. ಅವರು ಹೆಂಡ ಕುಡಿದವರಲ್ಲ. ದೈವದ ಎದುರು ಬನ್ನಿ.”

“ಬರುತ್ತೇನೆ. ಕುಡಿಯಲಿಲ್ಲ ಅಂತ ಅವನು ದೀಪ ಮುಟ್ಟಿ ಹೇಳಲಿ.”

“ಹೇಳಿದರೆ?”

“ಅದು ಸತ್ಯವಾದರೆ ನನ್ನ ಬಾಯಿಯನ್ನು ಅದೇ ಜಗಲಿಯಲ್ಲಿ, ಅಷ್ಟೇ ಮಕ್ಕಳ ಎದುರು ನೀನು ಮೂಸು. ಸಾಕಾ? ಮಾಸ್ಟ್ರು ಸಾಕ್ಷಿ.”

“ಸಾಕು,” ಎಂದಳು ಸೇಸಮ್ಮ. “ನಾನೇ ಮೂಸುತ್ತೇನೆ.” ಶೆಟ್ಟರ ಹೆಂಡತಿ ಕೊಟ್ಟ ಬೆಲ್ಲ ನೀರನ್ನು ಮುಟ್ಟದೆ ಹೊರಟುಹೋದಳು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಜಗಳ ತೀರದಿದ್ದರೆ ದೈವದ ಮುಂದೆ ಪ್ರಮಾಣ ಮಾಡುವುದು ಇಲ್ಲಿಯ ಹಳೆಯ ಪದ್ಧತಿ. ಕೋರ್ಟಿಗೆ ಹೆದರದವನೂ ಅಲ್ಲಿ ಸುಳ್ಳು ಹೇಳಲಾರ. ಪ್ರಮಾಣ ಮಾಡುವವನು ಹಿಂದಿನ ಸಂಜೆಯಿಂದ ಉಪವಾಸವಿದ್ದು, ಮಿಂದು, ಒದ್ದೆ ಬಟ್ಟೆಯಲ್ಲಿ ಬರಬೇಕು. ಸಂಕ್ರಮಣದ ದಿನ ಗೊತ್ತಾಯಿತು. ಸೇಸಮ್ಮ ಹಿಂದಿನ ಮಧ್ಯಾಹ್ನದಿಂದಲೇ ಗಂಡನಿಗೆ ಏನೂ ಕೊಡಲಿಲ್ಲ. “ಅರ್ಧ ದಿನ ಹೆಚ್ಚೇ ಇರಲಿ, ದೈವಕ್ಕೆ ಸಂಶಯ ಬೇಡ” ಎಂದಳಂತೆ. ಅವಳ ಕೈಯಾರೆ ಆದ ತಪ್ಪು ಇದು.

ದೈವಸ್ಥಾನದ ಕಾರ್ಯ ನಡೆಸುವ ಗುರಿಕಾರ ಜತ್ತಪ್ಪನು ಎಲ್ಲರೂ ಸೇರಲಿ ಎಂದು ಕಾಯಿಸಿದನು. ಹತ್ತು ಗಂಟೆ ಕಳೆಯಿತು, ಹನ್ನೊಂದಾಯಿತು. ಒದ್ದೆ ಬಟ್ಟೆ ಮೈಮೇಲೆಯೇ ಒಣಗಿದ್ದ ಚನಿಯಪ್ಪನ ಹಣೆಯಲ್ಲಿ ಮತ್ತೆ ನೀರು ಕಾಣಿಸಿತು, ಅದು ಬೆವರು. ಜತ್ತಪ್ಪನು ಕರೆದನು. “ದೀಪ ಮುಟ್ಟಿ ಹೇಳು ಚನಿಯಪ್ಪ, ನಾನು ಕುಡಿದವನಲ್ಲ ಅಂತ.”

ಚನಿಯಪ್ಪನು ದೀಪವನ್ನು ನೋಡಿದನು. ನಕ್ಕನು. “ಗಂಟೆ ಹೊಡೆಯುವ ಹೊತ್ತಾಯಿತಲ್ಲ,” ಎಂದು ಅಂಗೈಯಿಂದ ದೀಪದ ಕಂಬಕ್ಕೆ ಬಲವಾಗಿ ಬಾರಿಸಿದನು. ದೀಪ ಉರುಳಿ ಆರಿಹೋಯಿತು. ಅದರ ಬಳಿಯೇ ಅವನೂ ಬಿದ್ದನು. ಕೈಕಾಲು ಸೆಟೆದು ಅದುರಿದವು.

ಸೇರಿದ್ದ ಇನ್ನೂರು ಜನ ಹಿಂದಕ್ಕೆ ಸರಿದರು. ಜತ್ತಪ್ಪನು ಮೆಲ್ಲನೆ, “ದೈವ ತೋರಿಸಿಕೊಟ್ಟಿತು,” ಎಂದನು. ಶೆಟ್ಟರು ಕೈಮುಗಿದು ಹೊರಟರು.

ಅದುರುವುದು ನಿಂತ ಮೇಲೆ ಯಾರೋ ಪ್ರಸಾದದ ಬೆಲ್ಲವನ್ನು ಎಳನೀರಿನಲ್ಲಿ ಕಲಸಿ ಅವನ ತುಟಿಗೆ ಸವರಿದರು. ಆಮೇಲೆ ಸ್ವಲ್ಪ ಸ್ವಲ್ಪ ಕುಡಿಸಿದರು. ಕಾಲು ಗಂಟೆಯಲ್ಲಿ ಚನಿಯಪ್ಪನು ಎದ್ದು ಕುಳಿತನು. ಸುತ್ತ ನೋಡಿ ಹೆಂಡತಿಯನ್ನು ಕೇಳಿದನು, “ಪ್ರಮಾಣ ಆಯಿತಾ?”

ಆ ಮೇಲೆ ಊರಿನಲ್ಲಿ ಅವನಿಗೆ ಕೆಲಸ ಕೊಡುವವರಿರಲಿಲ್ಲ. ಸೇಸಮ್ಮನ ಚಾಪೆಯನ್ನೂ ಕೊಳ್ಳಲು ಹೆದರಿದರು. ಆದರೆ ಮೂರನೆಯ ದಿನ ಬೆಳಿಗ್ಗೆ ಅವಳು ನನ್ನ ಬಿಡಾರಕ್ಕೆ ಬಂದಳು. ಅತ್ತ ಗುರುತಿರಲಿಲ್ಲ. ಹಲ್ಲು ಕಚ್ಚಿದ ಮುಖ.

“ಮಾಸ್ಟ್ರೇ, ನೀವು ಓದಿದವರು. ದೈವಕ್ಕೆ ಬಂದ ಕೋಪ ಒಂದು ಮುಷ್ಟಿ ಬೆಲ್ಲಕ್ಕೆ ಇಳಿಯುತ್ತದಾ?”

“ಅಂದರೆ?”

“ಬಾವುಟದ ದಿನ ನಾನು ಬಾಯಿಗೆ ಬೆಲ್ಲ ಹಾಕಿದೆ, ಮನೆ ಮುಟ್ಟುವಾಗ ಸರಿಯಾದರು. ಮೊದಲ ಸಲ ಎದುರಿನ ಮನೆಯಲ್ಲಿ ಬೆಲ್ಲ ನೀರು ಕುಡಿದು ಸರಿಯಾದರು. ದೈವಸ್ಥಾನದಲ್ಲಿ ಪ್ರಸಾದದ ಬೆಲ್ಲ. ಹೆಂಡ ಕುಡಿದವನಿಗೆ ಬೆಲ್ಲ ಕೊಟ್ಟರೆ ಕಾಲು ಗಂಟೆಯಲ್ಲಿ ಅಮಲು ಇಳಿಯುತ್ತದಾ? ನನ್ನ ಅಪ್ಪ ಕುಡಿಯುತ್ತಿದ್ದ, ನನಗೆ ಗೊತ್ತುಂಟು. ಇಳಿಯುವುದಿಲ್ಲ.” ಅವಳು ನನ್ನ ಮೇಜಿನ ಹತ್ತಿರ ಬಂದಳು. “ಶನಿವಾರ ಬೆಳಗಿನ ಶಾಲೆ ಅಂತ ಮೊದಲಿಂದಲೂ ಗಂಜಿ ಕುಡಿಯದೆ ಓಡುತ್ತಿದ್ದರು. ಹಸಿದಾಗ ಬರುತ್ತದೆ, ಬೆಲ್ಲಕ್ಕೆ ಹೋಗುತ್ತದೆ. ಇದನ್ನು ಬರೆಯಬೇಕು. ನನಗೆ ಅಕ್ಷರ ಬರುವುದಿಲ್ಲ. ಅಂದು ‘ತಿಳಿಯುವುದಿಲ್ಲ’ ಅಂದಿರಲ್ಲ, ಈಗ ತಿಳಿದದ್ದನ್ನಾದರೂ ಬರೆಯಿರಿ.”

ನನ್ನ ಬಳಿ ಹಳೆಯ ಹಾಜರಿ ಪುಸ್ತಕದಲ್ಲಿ ಖಾಲಿ ಹಾಳೆಗಳಿದ್ದವು. ಮುಂದಿನ ಭಾನುವಾರಗಳಲ್ಲಿ ಅವಳ ಮನೆಯ ಜಗಲಿಯಲ್ಲಿ ಗಡಿಯಾರ ಇಟ್ಟುಕೊಂಡು ಕುಳಿತೆನು. ಗಂಜಿ ಕೊಟ್ಟ ಭಾನುವಾರ ಏನೂ ಆಗಲಿಲ್ಲ. ಗಂಜಿ ತಡೆದ ಭಾನುವಾರ ಎಂಟೂವರೆಗೆ ತಲೆನೋವು; ಒಂಬತ್ತಕ್ಕೆ ಬೆವರು, ನಡುಕ; ಒಂಬತ್ತೂಕಾಲಕ್ಕೆ ವಸ್ತು ಎರಡೆರಡಾಗಿ ಕಾಣುವುದು; ಅನಂತರ ಅಸಂಬದ್ಧ ಮಾತು. ಬೆಲ್ಲ ಕೊಟ್ಟ ಹನ್ನೆರಡನೆಯ ನಿಮಿಷಕ್ಕೆ ಅವನು ತನ್ನ ಹೆಸರು ಹೇಳಿದನು. ಇದೆಲ್ಲವನ್ನೂ ಬರೆದೆನು.

ಮೂರನೆಯ ಸಲ ಗಂಜಿ ತಡೆದಾಗ ಅವನಿಗೆ ಸೆಳೆತ ಬಂದಿತು. ನಾಲಗೆ ಕಚ್ಚಿಕೊಂಡು ಬಾಯಿಂದ ರಕ್ತ ಸುರಿಯಿತು. ನಾನು ಪುಸ್ತಕ ಮುಚ್ಚಿದೆನು.

“ಸಾಕು ಸೇಸಮ್ಮ. ಗಂಡನನ್ನು ಕೊಲ್ಲುತ್ತೀಯಾ?”

“ಇನ್ನೊಂದು ಸಲ,” ಎಂದಳು. ಅವಳ ಕೈ ಅವನ ಗಲ್ಲದ ರಕ್ತ ಒರೆಸುತ್ತಿತ್ತು. “ಮೂರು ಸಲ ಆಕಸ್ಮಿಕ ಅನ್ನುತ್ತಾರೆ. ನಾಲ್ಕು ಸಲವಾದರೆ ಏನು ಹೇಳುತ್ತಾರೆ ನೋಡುವ. ಗುಣ ಆಗುವುದು ಆಮೇಲೆ ಮಾಸ್ಟ್ರೇ. ಮೊದಲು ಆ ಮನುಷ್ಯನ ಬಾಯಿ ನನ್ನ ಮೂಗಿನ ಎದುರು ತೆರೆಯಬೇಕು.”

ಅಷ್ಟರಲ್ಲಿ ಎಚ್ಚರವಾಗಿದ್ದ ಚನಿಯಪ್ಪನು ತೊದಲಿದನು: “ಮಾಸ್ಟ್ರೇ, ನಾನು ಸತ್ತರೂ ಇವಳು ಸಾಯುವುದಿಲ್ಲ. ಶೆಟ್ರ ಬಾಯಿ ಮೂಸದೆ ಯಮನೂ ಇವಳನ್ನು ಕೊಂಡುಹೋಗಲಾರ.”

ಸೇಸಮ್ಮ ನಗಲಿಲ್ಲ. ಆದರೆ ನಾಲ್ಕನೆಯ ಸಲದ ಮಾತು ಎತ್ತಲಿಲ್ಲ.

ನಾನು ಅವರಿಬ್ಬರನ್ನೂ ಬಂಟ್ವಾಳದ ರಮಾನಾಥ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆನು. ಪೇಟೆಯ ನಡುವೆ ಅವರ ಕೋಣೆ. ಗೋಡೆಯಲ್ಲಿ ಎದೆಯೆತ್ತರಕ್ಕೆ ನೆರೆಯ ನೀರಿನ ಗೆರೆ. ವಯಸ್ಸಾದವರು. ಅವರು ಹಾಜರಿ ಪುಸ್ತಕವನ್ನು ಒಂದು ಸಲ ಓದಿದರು. ಕನ್ನಡಕ ಒರೆಸಿ ಮತ್ತೊಂದು ಸಲ ಓದಿದರು.

“ಇದು ಯಾರ ಕೆಲಸ?”

“ಬರೆದವನು ನಾನು. ಕಂಡುಹಿಡಿದವಳು ಇವಳು.”

ಡಾಕ್ಟರು ಎದ್ದು ಕಪಾಟಿನಿಂದ ದಪ್ಪ ಪುಸ್ತಕವೊಂದನ್ನು ತೆಗೆದು ಬಹಳ ಹೊತ್ತು ಹುಡುಕಿದರು. ಆಮೇಲೆ ಸೇಸಮ್ಮನಿಗೆ ತಿಳಿಯುವಂತೆ ಹೇಳಿದರು: “ಜಠರದ ಹಿಂದೆ ಮೇದೋಜೀರಕ ಅಂತ ಒಂದು ಗ್ರಂಥಿ ಉಂಟಮ್ಮ. ರಕ್ತದ ಸಕ್ಕರೆ ಏರದಂತೆ ನೋಡಿಕೊಳ್ಳುವ ರಸ ಅದರಿಂದ ಬರುತ್ತದೆ. ಲಕ್ಷದಲ್ಲಿ ಒಬ್ಬನಿಗೆ ಆ ಗ್ರಂಥಿಯಲ್ಲಿ ಸಣ್ಣ ಗಂಟು ಬೆಳೆಯುತ್ತದೆ. ಅದು ಹೊತ್ತುಗೊತ್ತಿಲ್ಲದೆ ಆ ರಸ ಸುರಿಸುತ್ತಲೇ ಇರುತ್ತದೆ. ಉಂಡಾಗ ತೊಂದರೆ ಕಾಣುವುದಿಲ್ಲ. ಹಸಿದಾಗ ರಕ್ತದಲ್ಲಿ ಸಕ್ಕರೆ ತೀರಿಹೋಗುತ್ತದೆ. ಮಿದುಳಿಗೆ ಅದೇ ಅನ್ನ. ಅನ್ನವಿಲ್ಲದ ಮಿದುಳು ಕುಡಿದವನ ಹಾಗೆ ಆಡುತ್ತದೆ. ಪದೇ ಪದೇ ತಿನ್ನುತ್ತಾನಲ್ಲ, ಅದಕ್ಕೇ ಮೈ ಬಂದಿದೆ. ನಾನು ಇದನ್ನು ಪುಸ್ತಕದಲ್ಲಿ ಮಾತ್ರ ಕಂಡವನು. ಇದೇ ಹೌದು ಅಂತ ನನ್ನ ಅನುಮಾನ.”

“ಹೆಂಡ ಅಲ್ಲ ಅಂತ ಬರೆದು ಕೊಡಿ,” ಎಂದಳು ಸೇಸಮ್ಮ.

“ಏನಲ್ಲ ಅಂತ ಬರೆದರೆ ಯಾರು ಕೇಳುತ್ತಾರೆ? ಏನು ಅಂತ ಬರೆಯಬೇಕು. ಅದಕ್ಕೆ ಮಂಗಳೂರಿನಲ್ಲಿ ರಕ್ತ ನೋಡಬೇಕು, ಆಮೇಲೆ ವೆಲ್ಲೂರಿಗೆ ಹೋಗಬೇಕು. ಅಷ್ಟರವರೆಗೆ ಮೂರು ತಾಸಿಗೊಮ್ಮೆ ಏನಾದರೂ ತಿನ್ನಿಸು. ಮತ್ತೆ ಕೇಳು: ಇನ್ನೊಮ್ಮೆ ಉಪವಾಸ ಹಾಕಿದರೆ ನಿನ್ನ ಗಂಡನನ್ನು ನೀನೇ ಕೊಂದ ಹಾಗೆ.”

ಅವಳು ಮೊದಲ ಬಾರಿಗೆ ತಲೆ ತಗ್ಗಿಸಿದ್ದನ್ನು ನಾನು ಅಲ್ಲಿ ಕಂಡೆನು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಗಂಡನಿಗೆ ಬಾಳೆಹಣ್ಣು ಸುಲಿದು ಸುಲಿದು ಕೊಟ್ಟಳು. ಅವನು ಬೇಡವೆಂದರೂ ಬಿಡಲಿಲ್ಲ.

ಮಂಗಳೂರಿನಲ್ಲಿ ರಕ್ತ ನೋಡಿದರು. ಡಾಕ್ಟರ ಊಹೆ ಸುಳ್ಳಾಗಲಿಲ್ಲ. ಎರಡು ಹಸುಗಳನ್ನು ಮಾರಿ, ಅಣ್ಣ ಕೂಸಪ್ಪನನ್ನು ಜೊತೆಗೆ ಕರೆದುಕೊಂಡು ೧೯೬೧ರ ಬೇಸಗೆಯಲ್ಲಿ ಅವರು ರೈಲು ಹತ್ತಿದರು. ತಮಿಳಿನ ಒಂದಕ್ಷರ ತಿಳಿಯದವಳು, ಬೆಳ್ತಂಗಡಿ ತಾಲೂಕಿನಿಂದ ಆಚೆ ಬಂಟ್ವಾಳ ಮಂಗಳೂರು ಮಾತ್ರ ಕಂಡವಳು. ಎರಡೂವರೆ ತಿಂಗಳಾದ ಮೇಲೆ ಹಿಂದಿರುಗಿದಳು. ಗಂಡನು ಬಡವಾಗಿದ್ದನು; ಹೊಟ್ಟೆಗೆ ಅಡ್ಡವಾಗಿ ಉದ್ದದ ಗಾಯ. ಆದರೆ ಅವನು ಬೆಳಗಿನಿಂದ ಬರಿಹೊಟ್ಟೆಯಲ್ಲಿ ಬಂದು ನನ್ನೆದುರು ನೆಟ್ಟಗೆ ನಿಂತನು. ನಾನು ಗಡಿಯಾರ ನೋಡಿದೆನು. ಹತ್ತು ಗಂಟೆಯಾಗಿತ್ತು.

“ನೆಲಗಡಲೆ ಬೀಜದಷ್ಟು ಮಾಸ್ಟ್ರೇ,” ಎಂದಳು ಸೇಸಮ್ಮ. “ಅಷ್ಟು ಸಣ್ಣದಕ್ಕೆ ಇಷ್ಟು ಆಟ. ಕುಪ್ಪಿಯಲ್ಲಿ ಹಾಕಿ ನನಗೆ ಕೊಡಿ ಅಂತ ಕೈಸನ್ನೆ ಮಾಡಿ ಕೇಳಿದೆ. ಪರೀಕ್ಷೆಗೆ ಬೇಕು ಅಂತ ಕೊಡಲಿಲ್ಲ.”

“ನಿನಗೆ ಯಾಕೆ ಅದು?”

“ಶೆಟ್ರ ಚಾವಡಿಯಲ್ಲಿ ಇಡಲಿಕ್ಕೆ. ಊಟ ಮಾಡುವಾಗ ನೋಡಿಕೊಂಡು ಉಣ್ಣಲಿ.”

ಕುಪ್ಪಿಯ ಬದಲು ಆಸ್ಪತ್ರೆಯವರು ಮೊಹರು ಒತ್ತಿದ ಕಾಗದ ಕೊಟ್ಟಿದ್ದರು. ಮುಂದಿನ ಸಂಕ್ರಮಣದಂದು ದೈವಸ್ಥಾನದಲ್ಲಿ ಅದನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆನು. ಹಾಜರಿ ಪುಸ್ತಕದ ಹಾಳೆಗಳನ್ನೂ ಓದಿದೆನು. ಚನಿಯಪ್ಪನು ಹಿಂದಿನ ಸಂಜೆಯಿಂದ ಉಪವಾಸವಿದ್ದು, ಒದ್ದೆ ಬಟ್ಟೆಯಲ್ಲಿ ನಿಂತು, ದೀಪ ಮುಟ್ಟಿ, “ನಾನು ಕುಡಿದವನಲ್ಲ,” ಎಂದನು. ಧ್ವನಿ ನಡುಗಲಿಲ್ಲ. ಜತ್ತಪ್ಪನು ದೀಪದ ಬತ್ತಿ ಸರಿಮಾಡಿ ಹೇಳಿದನು: “ದೈವ ಅಂದೂ ಸುಳ್ಳು ಹೇಳಲಿಲ್ಲ. ಇವನಿಗೆ ಕಾಯಿಲೆ ಉಂಟು ಅಂತ ತೋರಿಸಿತು. ನಾವು ತಪ್ಪು ತಿಳಿದೆವು.”

ಎಲ್ಲರೂ ಶೆಟ್ಟರ ಕಡೆ ನೋಡಿದರು. ಅವರು ಎದ್ದು ಹೆಗಲಿನ ಶಾಲು ಸರಿಮಾಡಿಕೊಂಡರು. “ಶನಿವಾರ ಜಗಲಿಗೆ ಬರುತ್ತೇನೆ,” ಎಂದರು.

ಶುಕ್ರವಾರ ಸೇಸಮ್ಮ ನನ್ನಲ್ಲಿಗೆ ಬಂದಳು. “ಬಾವುಟದ ದಿನ ಎಷ್ಟು ಮಕ್ಕಳಿದ್ದರು?”

ನಾನು ಪುಸ್ತಕ ನೋಡಿ, “ನೂರ ಹದಿನಾಲ್ಕು,” ಎಂದೆನು.

“ನಾಳೆ ಅಷ್ಟೇ ಇರಬೇಕು. ಒಂದು ಕಮ್ಮಿಯಾದರೂ ನಾನು ಮೂಸುವುದಿಲ್ಲ, ಸೋಮವಾರ ಮತ್ತೆ ಬರಹೇಳುತ್ತೇನೆ.”

“ಸೇಸಮ್ಮ, ಅವರು ತಪ್ಪು ಒಪ್ಪಿಕೊಂಡಿದ್ದಾರೆ. ಹಿರಿಯರು. ಇಷ್ಟಕ್ಕೆ ಬಿಟ್ಟರೆ ನಿನಗೇ ದೊಡ್ಡಸ್ತಿಕೆ.”

“ದೊಡ್ಡಸ್ತಿಕೆ ನನಗೆ ಬೇಡ ಮಾಸ್ಟ್ರೇ. ಅದು ಶೆಟ್ರ ಮನೆಯಲ್ಲೇ ಇರಲಿ. ನನಗೆ ಅವರ ಬಾಯಿ ಬೇಕು.”

ಶನಿವಾರ ನೂರ ಹದಿನೆಂಟು ಮಕ್ಕಳು ಬಂದಿದ್ದರು. ಹೆಚ್ಚಾದ ನಾಲ್ವರನ್ನು ಅವಳು ಹಲಸಿನ ಮರದ ಆಚೆ ನಿಲ್ಲಿಸಿದಳು. ಶೆಟ್ಟರು ಬಿಳಿ ಪಂಚೆಯುಟ್ಟು ಬಂದು, ಚನಿಯಪ್ಪನನ್ನು ಅಂದು ನಿಲ್ಲಿಸಿದ್ದ ಜಾಗದಲ್ಲಿಯೇ ನಿಂತರು. ಎತ್ತರದ ಆಳು. ಸೇಸಮ್ಮ ಅವರ ಎದೆಯವರೆಗೆ ಬರುತ್ತಿದ್ದಳು.

“ಬಗ್ಗಿ,” ಎಂದಳು.

ಅವರು ಬಗ್ಗಿದರು. ಬಾಯಿ ತೆರೆದರು. ಮಕ್ಕಳಲ್ಲಿ ಯಾರೂ ನಗಲಿಲ್ಲ. ಅವಳು ಮುಖವನ್ನು ಹತ್ತಿರ ಒಯ್ದು, ದೀರ್ಘವಾಗಿ ಒಂದು ಉಸಿರು ಎಳೆದುಕೊಂಡಳು. ಅನಂತರ ಎಲ್ಲರಿಗೂ ಕೇಳುವಂತೆ, “ಎಲೆಯಡಿಕೆ. ಹೆಂಡ ಇಲ್ಲ,” ಎಂದಳು.

ಶೆಟ್ಟರು ತಲೆಯೆತ್ತುವ ಮೊದಲೇ ಅವಳು ನನ್ನ ಕಡೆಗೆ ತಿರುಗಿದಳು.

“ನೋಡಿದಿರಾ ಮಾಸ್ಟ್ರೇ? ಇಲ್ಲ ಅಂತ ಹೇಳಲಿಕ್ಕೆ ಇಷ್ಟೇ ಹೊತ್ತು ಬೇಕು.”

ಅದುವರೆಗೆ ಶೆಟ್ಟರೊಬ್ಬರ ಮೇಲೆಯೇ ಅವಳ ಹಗೆಯೆಂದು ನಾನು ತಿಳಿದಿದ್ದೆನು. ಹಾಜರಿ ಪುಸ್ತಕದಲ್ಲಿ ಬರೆದುದರಿಂದ, ಬಂಟ್ವಾಳಕ್ಕೆ ಕರೆದೊಯ್ದುದರಿಂದ ನನ್ನ ತಪ್ಪು ತೀರಿತೆಂದು ಎಣಿಸಿದ್ದೆನು. ಅವಳು ಒಂದೂವರೆ ವರ್ಷ ನನ್ನಿಂದ ಕೆಲಸ ಮಾಡಿಸಿಕೊಂಡು, ನನ್ನ ಸರದಿಯನ್ನು ಕೊನೆಗೆ ಇಟ್ಟುಕೊಂಡಿದ್ದಳು.

ನಾನು ಮಕ್ಕಳ ಎದುರು ಹೇಳಿದೆನು: “ಅಂದು ಚನಿಯಪ್ಪನ ಬಾಯಲ್ಲಿ ಹೆಂಡದ ವಾಸನೆ ಇರಲಿಲ್ಲ. ನನಗೆ ಆಗಲೇ ಗೊತ್ತಿತ್ತು. ಹೆದರಿ ಹೇಳಲಿಲ್ಲ.”

ಶೆಟ್ಟರು ನನ್ನನ್ನು ನೋಡಿದರು. ಆ ನೋಟವನ್ನು ನಾನು ಮರೆಯಲಾರೆ. “ಅಂದು ನೀವು ಇಲ್ಲ ಅಂದಿದ್ದರೆ ನಾನು ಕೇಳುತ್ತಿದ್ದೆ, ಮಾಸ್ಟ್ರೇ,” ಎಂದರು. ಗಂಟೆಯ ಸುತ್ತಿಗೆಯನ್ನು ತಾವೇ ತಂದು ಚನಿಯಪ್ಪನ ಕೈಗೆ ಕೊಟ್ಟು, ಅಂಗಳ ದಾಟಿ ಹೋದರು. ಚನಿಯಪ್ಪನು ಏನು ಮಾಡಬೇಕೆಂದು ತಿಳಿಯದೆ ಶಾಲೆ ಬಿಡುವ ಗಂಟೆ ಹೊಡೆದನು. ಹೊತ್ತಾಗಿರಲಿಲ್ಲ. ಯಾರೂ ತಿದ್ದಲಿಲ್ಲ.

ನಾನು ಹೋದ ವರ್ಷ ನಿವೃತ್ತನಾಗಿ ಮೂಡಬಿದಿರೆಯಲ್ಲಿ ನೆಲೆಸಿದ್ದೇನೆ. ಚನಿಯಪ್ಪನಿಗೆ ಇನ್ನೂ ಎರಡು ವರ್ಷದ ಕೆಲಸ ಉಳಿದಿದೆ. ಅವನು ಶೆಟ್ಟರನ್ನು ಕಂಡರೆ ಮೊದಲಿನಂತೆಯೇ ಕೈಮುಗಿಯುತ್ತಾನೆ. ಸೇಸಮ್ಮ ಮಾತ್ರ ಶನಿವಾರ ಶನಿವಾರ ಶಾಲೆಯ ಎದುರಿನ ಮಾವಿನ ಬುಡದಲ್ಲಿ ಕುಳಿತು ಚಾಪೆ ಹೆಣೆಯುತ್ತಾಳೆ, ಮುಖವನ್ನು ಜಗಲಿಯ ಕಡೆಗೆ ಮಾಡಿಕೊಂಡು. ಶಾಲೆಯ ಹಂಡೆಗೆ ಮತ್ತೆ ನೀರು ಹಾಕಲಿಲ್ಲ. ಬಿಸಿಲಲ್ಲಿ ತೋಟ ನೋಡಿ ಬರುವ ಶೆಟ್ಟರು ಕೆಲವೊಮ್ಮೆ ದಣಿದು ಅವಳ ಅಂಗಳದಲ್ಲಿ ನಿಲ್ಲುತ್ತಾರೆ. ಅವಳು ಎದ್ದು ಚೊಂಬು ತಂದಿಡುತ್ತಾಳೆ. ಬಾಳೆಲೆಯೂ ಇಲ್ಲ, ಬೆಲ್ಲವೂ ಇಲ್ಲ, ಬರಿಯ ನೀರು. ಅವರು ಕುಡಿದು ಹೋಗುತ್ತಾರೆ. ಎಂಟು ವರ್ಷಗಳಿಂದ ಹೀಗೆ.

ಕಳೆದ ತಿಂಗಳು ನಾನು ಆ ಕಡೆ ಹೋಗಿದ್ದೆನು. ನನ್ನನ್ನು ನೋಡಿ ಸೇಸಮ್ಮನ ಮುಖದಲ್ಲಿ ಸಂತೋಷ ಕಂಡಿತು. ಮೊಣಕಾಲು ಹಿಡಿದು ಎದ್ದಳು, ಕುಶಲ ಕೇಳಿದಳು, ಹಲ್ಲು ಯಾವಾಗ ಹೋಯಿತೆಂದು ತಮಾಷೆ ಮಾಡಿದಳು. ಚೊಂಬು ತಂದು ಜಗಲಿಯ ಮೇಲಿಟ್ಟು ಮತ್ತೆ ಚಾಪೆ ಹೆಣೆಯಲು ಕುಳಿತಳು. ನನಗೂ ಎಂಟು ವರ್ಷಗಳಿಂದ ಬರಿಯ ನೀರೇ.

“ಇನ್ನೆಷ್ಟು ವರ್ಷ ಸೇಸಮ್ಮ?”

“ನೂರ ಹದಿನಾಲ್ಕು ಮಕ್ಕಳಲ್ಲಿ ಕಡೆಯವನು ಆ ದಿನವನ್ನು ಮರೆಯುವವರೆಗೆ.”

ನಾನು ನೀರು ಕುಡಿದೆನು. ತೆಂಗಿನ ಬುಡದಲ್ಲಿ ಕುಳಿತಿದ್ದ ಚನಿಯಪ್ಪನು ಮೆಲ್ಲನೆ ಎದ್ದು ಬಂದು, ಹೆಗಲ ಮೇಲಿನ ಬೈರಾಸಿನ ಮೂಲೆಯ ಗಂಟು ಬಿಚ್ಚಿದನು. ಕಾಯಿಲೆ ಹೋಗಿ ಎಂಟು ವರ್ಷವಾದರೂ ಅವನು ಬೆಲ್ಲದ ತುಂಡನ್ನು ಕಟ್ಟಿಕೊಂಡೇ ತಿರುಗುತ್ತಾನೆ. ಅದನ್ನು ಮುರಿದು ಅರ್ಧವನ್ನು ನನ್ನ ಅಂಗೈಯೊಳಗೆ ಒತ್ತಿದನು.

“ನನಗೆ ಕಣ್ಣಿಲ್ಲ ಅಂತ ಎಣಿಸಬೇಡಿ ಇಬ್ಬರೂ,” ಎಂದಳು ಸೇಸಮ್ಮ, ತಲೆಯೆತ್ತದೆ. ಕಾಲಿನ ಹೆಬ್ಬೆರಳಿನಿಂದ ಚಾಪೆಯ ತುದಿಯನ್ನು ಒತ್ತಿ ಹಿಡಿದು ಇನ್ನೊಂದು ಎಳೆ ಸೇರಿಸಿದಳು.